ಒಲೆಯ ಅನ್ನವೂ ಅಂಗಡಿಯ ಪೊಟ್ಟಣವೂ



ಅನ್ನವನ್ನು ಪ್ರಸಾದವೆಂದು ಭಾವಿಸಿ ಕೈಯೊಡ್ಡುವ ಸಮಾಜದಲ್ಲಿ, ಆ ಅನ್ನವು ಎಲ್ಲಿಂದ ಬಂದಿತು, ಹೇಗೆ ಸಿದ್ಧವಾಯಿತು ಎಂಬ ವಿಚಾರವು ಅಲ್ಪವಾದುದಲ್ಲ. ರೋಣ, ನರಗುಂದ, ಗಜೇಂದ್ರಗಡಗಳ ಪ್ರಾಂತವು ಬಹುಮಟ್ಟಿಗೆ ಎರೆಯ ನಾಡು. ಹಿಂಗಾರಿಯ ಬಿಳಿಜೋಳ, ಕಡಲೆ, ಕುಸುಬೆಗಳು ಈ ನೆಲದ ಹಳೆಯ ಬೆಳೆಗಳು. ರೊಟ್ಟಿ, ಪುಂಡಿಯ ಪಲ್ಯ, ಗುರೆಳ್ಳಿನ ಹಿಂಡಿ, ಮಜ್ಜಿಗೆ, ಇಷ್ಟರಿಂದಲೇ ಹೊಲದಲ್ಲಿ ದುಡಿಯುವವನ ಹೊಟ್ಟೆಯು ತಣಿಯುತ್ತಿದ್ದಿತು. ಇಂದಾದರೋ ಚಿಕ್ಕ ಹಳ್ಳಿಯ ಅಂಗಡಿಯಲ್ಲಿಯೂ ಬಣ್ಣದ ಪೊಟ್ಟಣಗಳ ಸರಗಳು ತೂಗುತ್ತಿರುವವು.

ಇಂಥ ಊರಿನ ಒಂದು ಒಕ್ಕಲು ಮನೆತನವನ್ನು ಕಣ್ಣೆದುರಿಗೆ ತಂದುಕೊಳ್ಳಿರಿ. ಹಿರಿಯನಿಗೆ ಸಕ್ಕರೆ ರೋಗ. ಮೊಮ್ಮಕ್ಕಳಿಗೆ ಬೆಳಗಿನಲ್ಲಿ ಬಿಸ್ಕೀಟು, ಸಂಜೆಗೆ ಉಪ್ಪುಖಾರದ ಪೊಟ್ಟಣ. ಬೀಗರು ಬಂದರೆ ಸಿಹಿ ಪಾನೀಯದ ಶೀಶೆ. ಹಗೇವಿನ ಜೋಳ ಮಾರಿದ ಹಣವು ಅಂಗಡಿಗೂ ಔಷಧಕ್ಕೂ ಹೋಗುವದು. ಆ ಮನೆಯವರು ಈ ರೂಢಿಯನ್ನು ತಗ್ಗಿಸಬೇಕೆಂದು ಸಂಕಲ್ಪಿಸಿದರೆ ಎಲ್ಲಿಂದ ಮೊದಲು ಮಾಡತಕ್ಕದ್ದು?

ಮೊದಲು ತಿಳಿವು ಬೇಕು. ಆಹಾರವನ್ನು ಸಂಸ್ಕರಿಸುವದೇ ದೋಷವಲ್ಲ. ಹಾಲಿಗೆ ಹೆಪ್ಪು ಹಾಕುವದು, ಶಾವಿಗೆ ಹೊಸೆಯುವದು, ಹಪ್ಪಳ ಒಣಗಿಸುವದು, ತಿಂಗಳವರೆಗೆ ಬಾಳುವ ಕಡಕ ರೊಟ್ಟಿ ಬಡಿಯುವದು, ಇವೆಲ್ಲವೂ ಸಂಸ್ಕರಣವೇ. ಬ್ರಾಝಿಲ ದೇಶದ ವೈದ್ಯ ಕಾರ್ಲೋಸ್ ಮೊಂಟೆಯಿರೊ ಎಂಬವರು 2009ರಲ್ಲಿ ಈ ಭೇದವನ್ನು ಎತ್ತಿ ತೋರಿಸಿದರು. ಅಡಿಗೆಮನೆಯಲ್ಲಿಲ್ಲದ ಕೃತಕ ಬಣ್ಣ, ರುಚಿ, ಪರಿಮಳಗಳನ್ನು ಕೂಡಿಸಿ ಕಾರಖಾನೆಯಲ್ಲಿ ಮಾಡಿದ ತಿಂಡಿಪಾನೀಯಗಳು ಬೇರೆಯೇ ಒಂದು ವರ್ಗ. ಅಮೇರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಇಂಥ ಆಹಾರವನ್ನೂ, ಎರಡು ವಾರ ಸಾದಾ ಆಹಾರವನ್ನೂ ಮನಬಂದಷ್ಟು ಉಣ್ಣಗೊಟ್ಟರು. ಕಾರಖಾನೆಯ ಆಹಾರದ ದಿನಗಳಲ್ಲಿ ಅವರು ನಿತ್ಯ ಸುಮಾರು 500 ಕ್ಯಾಲೊರಿಗಳಷ್ಟು ಹೆಚ್ಚು ಉಂಡರು, ತೂಕವೂ ಏರಿತು. ಇದರಿಂದ, ಆಶೆಯನ್ನು ಕೇವಲ ಮನಸ್ಸಿನ ದೌರ್ಬಲ್ಯವೆಂದು ಹಳಿಯುವದು ಸರಿಯಲ್ಲವೆಂದು ತಿಳಿಯುವದು; ಆ ಪದಾರ್ಥವೇ ಹೆಚ್ಚು ಉಣ್ಣಿಸುವಂಥದು.

ಬೆರೆಸಿದ ಸಕ್ಕರೆಯು ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿತು. ಅನೇಕ ಸಿಹಿ ಪಾನೀಯಗಳ 250 ಮಿಲಿಲೀಟರಿನ ಒಂದೇ ಶೀಶೆಯಲ್ಲಿ ಸುಮಾರು ಅಷ್ಟು ಸಕ್ಕರೆ ಇರುವದು. ಹೀಗಿರಲು ಅತಿಥಿಗೆ ಮಜ್ಜಿಗೆಯನ್ನೋ ನಿಂಬೆಯ ನೀರನ್ನೋ ಕೊಡುವದು ಕೃಪಣತೆಯಲ್ಲ, ಹಿತಚಿಂತನೆ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ಕಾಯಿದೆ. ಶಾಲೆ ಕಲಿತ ಮಗುವಿನಿಂದ ಅದನ್ನು ಓದಿಸಿದರೆ ಮಗುವೇ ಮನೆಯ ಗುರುವಾದೀತು.

ಇಲ್ಲಿ ಒಂದು ಕಠಿಣ ಮಾತನ್ನು ಮರೆಯಲಾಗದು. ರೊಟ್ಟಿ ಬಡಿಯುವ ಶ್ರಮವೆಲ್ಲವೂ ತಾಯಂದಿರದು. ನಸುಕಿನಲ್ಲಿ ಒಲೆಯ ಮುಂದೆ ಕುಳಿತು, ಬಳಿಕ ಕಳೆ ತೆಗೆಯಲು ಹೊಲಕ್ಕೆ ಹೋಗುವ ಹೆಣ್ಣುಮಗಳು ಪೊಟ್ಟಣಕ್ಕೆ ಕೈಯಿಕ್ಕಿದರೆ ಅವಳನ್ನು ದೂಷಿಸುವವರಾರು? ಗಂಡಸರು ಕಾಳು ಹಸನು ಮಾಡಿ, ಹಿಟ್ಟು ಬೀಸಿಸಿ ತಂದು, ಕಾಯಿಪಲ್ಯ ಹೆಚ್ಚಿಕೊಡದೆ ಮನೆಯ ಊಟವನ್ನು ಮಾತ್ರ ಬಯಸಿದರೆ ಆ ಸಂಕಲ್ಪವು ಎಂಟು ದಿನವೂ ನಿಲ್ಲದು. ಕಾಯಕವು ಅಡಿಗೆಮನೆಯ ಹೊಸ್ತಿಲಲ್ಲಿ ಮುಗಿಯತಕ್ಕದ್ದಲ್ಲ.

ಒಮ್ಮೆಲೇ ಎಲ್ಲವನ್ನೂ ಬಿಡಬೇಕೆಂದಿಲ್ಲ. ಮೊದಲ ತಿಂಗಳು ಶೀಶೆಯನ್ನು ಮನೆಗೆ ತಾರದಿರಲಿ. ಎರಡನೆಯ ತಿಂಗಳು ಮಕ್ಕಳ ಕೈಗೆ ಹುರಿಗಡಲೆ, ಶೇಂಗಾ, ಬೆಲ್ಲದ ತುಣುಕು ಬರಲಿ. ಜಾತ್ರೆಯ ದಿನದ ಮಿಠಾಯಿಯು ಜಾತ್ರೆಗೇ ಇರಲಿ. ನಿತ್ಯದ ರೂಢಿಯೇ ತಿದ್ದಬೇಕಾದುದು. ನೆರೆಯ ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆಯೊಡ್ಡಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅಂಥ ಜೋಳಿಗೆಗೆ ಇದನ್ನೂ ಹಾಕಬಹುದು.

ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದಳೆಂಬ ಕಥೆಯನ್ನು ಎಲ್ಲರೂ ಬಲ್ಲರು. ಮನೆಗೆ ಏನು ಬರಬೇಕು, ಎಷ್ಟು ಬರಬೇಕು ಎಂಬ ವಿವೇಕವು ಆ ತಾಯಿಯ ಹೊಸ್ತಿಲಲ್ಲಿ ನೆಲೆಸಿದ್ದಿತು. ಅದೇ ವಿವೇಕವು ಈ ನಾಡಿನ ಮನೆಮನೆಯಲ್ಲಿ ನೆಲೆಸಲಿ. ಮಕ್ಕಳು ಆರೋಗ್ಯವಂತರಾಗಿ ಬಾಳಲಿ.