ಸಾಲದ ಗಾತ್ರ, ಸಾಲಗಾರನ ಗುರುತು
(ಚೆನ್ನೈನ ಟಿ. ನಗರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಚೀನಾ ಮುಂದೆ ಹೋದದ್ದು ಅಲ್ಲಿನ ಬ್ಯಾಂಕುಗಳು ಧಾರಾಳವಾಗಿ ಸಾಲ ಕೊಟ್ಟದ್ದರಿಂದ, ಭಾರತದ ಬ್ಯಾಂಕುಗಳೂ ಕೈ ಬಿಚ್ಚಬೇಕು ಎಂಬ ಮಾತು ರಾಜಕೀಯ ವೇದಿಕೆಗಳಲ್ಲೂ ವರ್ತಕರ ಸಭೆಗಳಲ್ಲೂ ಕೇಳಿಬರುತ್ತದೆ. ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಲೆಕ್ಕದ ಪುಸ್ತಕವೇ ಹೇಳಬೇಕು.

2000ನೆಯ ಇಸವಿಯ ಕೊನೆಗೆ ಚೀನಾದ ಬ್ಯಾಂಕುಗಳ ಬಾಕಿ ಸಾಲ ಸುಮಾರು 10 ಲಕ್ಷ ಕೋಟಿ ಯುವಾನ್. ಕೆಲವೇ ತಿಂಗಳ ಅನಂತರ, 2001ರ ಮಾರ್ಚಿನಲ್ಲಿ, ಭಾರತದ್ದು ಸುಮಾರು 5 ಲಕ್ಷ ಕೋಟಿ ರೂಪಾಯಿ. ಡಾಲರಿನಲ್ಲಿ ಅಳೆದರೆ ಅಂತರ ಸುಮಾರು ಹನ್ನೊಂದು ಪಟ್ಟು. 2023ರ ಕೊನೆಗೆ ಚೀನಾದ್ದು 237 ಲಕ್ಷ ಕೋಟಿ ಯುವಾನ್, 2024ರ ಮಾರ್ಚಿಗೆ ಭಾರತದ್ದು 164 ಲಕ್ಷ ಕೋಟಿ ರೂಪಾಯಿ; ಅಂತರ ಹದಿನೇಳು ಪಟ್ಟಿನ ಆಸುಪಾಸು. ಚೀನಾದ ಆರ್ಥಿಕತೆಯಾದರೋ ಭಾರತದ ಸುಮಾರು ಐದು ಪಟ್ಟು ಮಾತ್ರ. ಅಂದರೆ ಒಟ್ಟು ದೇಶೀಯ ಉತ್ಪನ್ನದ ನೂರು ರೂಪಾಯಿಗೆ ಅಲ್ಲಿ ನೂರೆಂಬತ್ತಕ್ಕೂ ಮಿಕ್ಕಿ ಬ್ಯಾಂಕ್ ಸಾಲವಿದ್ದರೆ, ಇಲ್ಲಿ ಐವತ್ತೈದರಷ್ಟು. (ಭಾರತದ ಅಂಕಿಯಲ್ಲಿಯೂ ಒಂದು ಉಬ್ಬು ಇದೆ. 2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಗೃಹಸಾಲ ಸಂಸ್ಥೆ ತನ್ನದೇ ಬ್ಯಾಂಕಿನಲ್ಲಿ ವಿಲೀನವಾದಾಗ ಬ್ಯಾಂಕ್ ಸಾಲದ ಮೊತ್ತ ಒಂದೇ ದಿನ ಜಿಗಿಯಿತು. ದೇಶದ ಸಾಲ ಅಂದು ಬೆಳೆದಿರಲಿಲ್ಲ.)

ಚೀನಾದ ದೊಡ್ಡ ನೆಗೆತ 2008ರ ಜಾಗತಿಕ ಬಿಕ್ಕಟ್ಟಿನ ಬಳಿಕದ್ದು. ಆ ನವೆಂಬರಿನಲ್ಲಿ ಸರಕಾರ 4 ಲಕ್ಷ ಕೋಟಿ ಯುವಾನ್‌ಗಳ ಉತ್ತೇಜನ ಘೋಷಿಸಿತು. 2009ರೊಂದರಲ್ಲಿಯೇ ಬ್ಯಾಂಕುಗಳು 9 ಲಕ್ಷ ಕೋಟಿಗೂ ಮೀರಿದ ಹೊಸ ಸಾಲ ನೀಡಿದವು. ರೈಲುಮಾರ್ಗಗಳು ಬಂದವು, ಕೊಳ್ಳುವವರಿಲ್ಲದ ವಸತಿ ಗೋಪುರಗಳೂ ಬಂದವು. 30,000 ಕೋಟಿ ಡಾಲರಿಗೂ ಹೆಚ್ಚಿನ ಹೊಣೆ ಹೊತ್ತಿದ್ದ ಎವರ್‌ಗ್ರಾಂಡ್ ಕಂಪೆನಿಯನ್ನು ಸಮಾಪನಗೊಳಿಸುವಂತೆ ಹಾಂಗ್‌ಕಾಂಗ್ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು. ಭಾರತವೂ ಇದೇ ಪಾಠವನ್ನು ಚಿಕ್ಕ ಗಾತ್ರದಲ್ಲಿ ಓದಿದೆ: ಮೂಲಸೌಕರ್ಯ, ಉಕ್ಕು, ವಿದ್ಯುತ್ತಿಗೆ ಕೊಟ್ಟ ಸಾಲ ಕೆಟ್ಟು, 2018ರ ಮಾರ್ಚಿನಲ್ಲಿ ಅನುತ್ಪಾದಕ ಸಾಲ ಶೇ. 11ನ್ನು ದಾಟಿತ್ತು. ಸಾರ್ವಜನಿಕ ಬ್ಯಾಂಕುಗಳಿಗೆ ಐದು ವರ್ಷಗಳಲ್ಲಿ ಸುಮಾರು 3 ಲಕ್ಷ ಕೋಟಿ ರೂಪಾಯಿ ಬಂಡವಾಳ ತುಂಬಿದ್ದು ತೆರಿಗೆದಾರನ ಖರ್ಚಿನಲ್ಲಿ.

ಮೊತ್ತಕ್ಕಿಂತ ಮುಖ್ಯವಾದ ಬದಲಾವಣೆ ಆ ಬಳಿಕ ನಡೆದಿದೆ. 2013ರಲ್ಲಿ ಭಾರತದ ಬ್ಯಾಂಕ್ ಸಾಲದ ಶೇ. 45ರಷ್ಟು ಕೈಗಾರಿಕೆಯದಾಗಿತ್ತು. 2024ರಲ್ಲಿ ಅದು ಶೇ. 22ರಷ್ಟಕ್ಕೆ ಇಳಿದು, ಮನೆ, ವಾಹನ, ಕಾರ್ಡು, ಚಿನ್ನ ಮೊದಲಾದ ವೈಯಕ್ತಿಕ ಸಾಲಗಳು ಮೂರರಲ್ಲೊಂದು ಭಾಗವಾದವು. ಸಾಲಗಾರ ಈಗ ಕಾರಖಾನೆಯಲ್ಲ, ಕುಟುಂಬ. ರಿಸರ್ವ್ ಬ್ಯಾಂಕು 2023ರ ನವೆಂಬರ್ 16ರಂದು ಭದ್ರತೆಯಿಲ್ಲದ ಗ್ರಾಹಕ ಸಾಲಗಳ ಅಪಾಯದ ತೂಕವನ್ನು 100ರಿಂದ 125ಕ್ಕೆ ಏರಿಸಿದ್ದು ಈ ಭಯದಿಂದಲೇ. ಉಸ್ಮಾನ್ ರಸ್ತೆಯಲ್ಲಿ ಕೊಂಡ ಬಳೆ ಬ್ಯಾಂಕಿನ ಕಪಾಟು ಸೇರಿದಾಗ ಅದೂ ‘ಸಾಲದ ಬೆಳವಣಿಗೆ’ ಎಂದೇ ದಾಖಲಾಗುತ್ತದೆ. ಅಂಗಡಿಗೆ ಸರಕು ತಂದ ಸಾಲಕ್ಕೂ ಆಸ್ಪತ್ರೆಯ ಬಿಲ್ಲು ಕಟ್ಟಿದ ಸಾಲಕ್ಕೂ ಆ ಮೊತ್ತದಲ್ಲಿ ಭೇದವಿಲ್ಲ.

ಚೀನಾದಂತೆ ಸಾಲ ಬೆಳೆಯಲಿ ಎನ್ನುವವರು ಜಾಮೀನಿನ ವಿಚಾರವನ್ನು ಎತ್ತುವುದು ಅಪರೂಪ. ಅಲ್ಲಿ ಸಾಲದ ದೊಡ್ಡ ಪಾಲು ಸರಕಾರಿ ಉದ್ದಿಮೆಗಳ, ಸ್ಥಳೀಯ ಆಡಳಿತಗಳ ನೆರಳಿನಲ್ಲಿದೆ. ಇಲ್ಲಿ ವರ್ತಕ ಕುಟುಂಬಗಳಲ್ಲಿ ತಮ್ಮನ ಕಂಪೆನಿಗೆ ಅಣ್ಣ, ಅಳಿಯನ ಕಂಪೆನಿಗೆ ಮಾವ ದಾಕ್ಷಿಣ್ಯಕ್ಕೆ ಸಹಿ ಹಾಕುತ್ತಾರೆ. 1872ರ ಕರಾರು ಕಾಯಿದೆಯ 128ನೆಯ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನಷ್ಟೇ. ಕಂಪೆನಿಗಳಿಗೆ ವೈಯಕ್ತಿಕ ಜಾಮೀನು ನಿಂತವರನ್ನು ದಿವಾಳಿ ಸಂಹಿತೆಯ ವ್ಯಾಪ್ತಿಗೆ ತಂದ 2019ರ ಅಧಿಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯ 2021ರ ಮೇ 21ರಂದು ಎತ್ತಿಹಿಡಿಯಿತು. ಕಂಪೆನಿಯ ಪರಿಹಾರ ಯೋಜನೆಗೆ ಮಂಜೂರಾತಿ ದೊರೆತ ಮಾತ್ರಕ್ಕೆ ಜಾಮೀನುದಾರ ತಾನಾಗಿ ಬಿಡುಗಡೆ ಹೊಂದುವುದಿಲ್ಲವೆಂದೂ ಆ ತೀರ್ಪು ಹೇಳಿದೆ. ಕಂಪೆನಿಯ ಸಾಲಕ್ಕೆ ರಿಯಾಯಿತಿ ಸಿಕ್ಕಿತೆಂದು ನಿಶ್ಚಿಂತರಾದ ಅಣ್ಣಂದಿರೂ ಮಾವಂದಿರೂ ತಾವು ಸಹಿ ಹಾಕಿದ ಪತ್ರವನ್ನು ತರಿಸಿ, ಅದರಲ್ಲಿ ನಮೂದಾದ ಮೊತ್ತವನ್ನೂ ‘ಮುಂದುವರಿಯುವ ಜಾಮೀನು’ ಎಂಬ ಮಾತು ಇದೆಯೇ ಎಂಬುದನ್ನೂ ಓದಿಕೊಳ್ಳಬೇಕು.