ಕೆಟ್ಟದ್ದು ಕನ್ವರ್ಟರ್, ಕೆಡಿಸಿದ್ದು ಯಾವುದು?



ಶಹಾಪುರ ತಾಲೂಕಿನ ವನದುರ್ಗದಲ್ಲಿ ಬಾಡಿಗೆಗೆ ಓಡುವ ಒಂದು ಹಳೆಯ ಪೆಟ್ರೋಲ್ ಕಾರಿದೆ ಎಂದು ಊಹಿಸಿಕೊಳ್ಳಿ. ಅದರ ಕ್ಯಾಟಲಿಟಿಕ್ ಕನ್ವರ್ಟರ್ ಕೆಟ್ಟಿತು. ಮಾಲೀಕರು ಸಾಲ ಮಾಡಿ ಹೊಸದನ್ನು ಹಾಕಿಸಿದರು. ವರ್ಷ ತುಂಬುವುದರೊಳಗೆ ಅದೂ ಕೆಟ್ಟಿತು. ಈಗ ಅವರ ಮುಂದೆ ಎರಡು ಸಲಹೆಗಳಿವೆ: ಮೂರನೆಯದನ್ನು ಹಾಕಿಸುವುದು, ಇಲ್ಲವೇ ಕನ್ವರ್ಟರನ್ನೇ ಕಿತ್ತು ಬರಿಯ ಪೈಪು ಕೂಡಿಸುವುದು. ಎರಡೂ ಸರಿಯಲ್ಲ. ಏಕೆಂದರೆ ಅದು ಏಕೆ ಕೆಟ್ಟಿತೆಂದು ಇನ್ನೂ ಯಾರೂ ಕೇಳಿಲ್ಲ.

ಕನ್ವರ್ಟರ್ ಇರುವುದು ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ. ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಅದರ ಒಡಲಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುವಾದ ಲೇಪವಿರುತ್ತದೆ. ಹೊಗೆಯಲ್ಲಿರುವ ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಇಲ್ಲಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಪೆಟ್ರೋಲಿನ ಆವಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ನೈಟ್ರೋಜನ್ ಆಕ್ಸೈಡುಗಳು ನೈಟ್ರೋಜನ್ ಆಗುತ್ತವೆ. ಕ್ರಿಯಾವರ್ಧಕವು ಕ್ರಿಯೆಯನ್ನು ವೇಗಗೊಳಿಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ ಎಂದು ನೀವು ರಸಾಯನಶಾಸ್ತ್ರದಲ್ಲಿ ಓದಿದ್ದೀರಿ. ಹಾಗಾದರೆ ಅದು ಪದೇ ಪದೇ ಹಾಳಾಗುವುದು ಹೇಗೆ? ಹೊರಗಿನ ಯಾವುದೋ ಕಾರಣ ಅದನ್ನು ಹಾಳುಮಾಡುತ್ತಿರಬೇಕು.

ಇದಕ್ಕೆ ನಮ್ಮ ದೇಶದ ಚರಿತ್ರೆಯಲ್ಲೇ ಉದಾಹರಣೆಯಿದೆ. 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತ, ಮದ್ರಾಸು ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಜೊತೆಗೆ ಅಲ್ಲಿ ಸೀಸರಹಿತ ಪೆಟ್ರೋಲೂ ಬಂತು. ಆದರೆ ಮೊದಮೊದಲು ಆ ಪೆಟ್ರೋಲ್ ಎಲ್ಲ ಊರುಗಳಲ್ಲೂ ಸಿಗುತ್ತಿರಲಿಲ್ಲ. ದೂರದ ಊರಿಗೆ ಹೋಗಿ ಸೀಸವಿರುವ ಪೆಟ್ರೋಲ್ ತುಂಬಿಸಿಕೊಂಡರೆ, ಸೀಸವು ಲೋಹದ ಲೇಪವನ್ನು ಮುಚ್ಚಿ ನಿಷ್ಕ್ರಿಯಗೊಳಿಸುತ್ತಿತ್ತು. ಪೆಟ್ರೋಲ್ ಬದಲಾಗದೆ ಕನ್ವರ್ಟರ್ ಮಾತ್ರ ಬದಲಾದರೆ ಏನು ಫಲ? 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ ದೊರೆಯುತ್ತಿದೆ. ಸೀಸದ ಕಾಟ ತಪ್ಪಿದರೂ ಬೇರೆ ಕಾರಣಗಳು ಉಳಿದಿವೆ.

ಆ ಕಾರಣವನ್ನು ಹುಡುಕಲು ಕಳಚಿದ ಹಳೆಯ ಕನ್ವರ್ಟರೇ ಸಾಕ್ಷಿ. ಅದನ್ನು ಗುಜರಿಗೆ ಹಾಕುವ ಮುನ್ನ ಬೆಳಕಿಗೆ ಹಿಡಿದು ನೋಡಿ.

ಒಳಗಿನ ಗೂಡು ಕರಗಿ ಮುದ್ದೆಯಾಗಿದ್ದರೆ, ಉರಿಯದ ಪೆಟ್ರೋಲ್ ಅಲ್ಲಿಗೆ ಬಂದು ಉರಿದಿದೆ ಎಂದರ್ಥ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಸೋರುವ ಇಂಜೆಕ್ಟರ್ ಇವುಗಳನ್ನು ಪರೀಕ್ಷಿಸಬೇಕು. ಗೂಡಿನ ಮೇಲೆ ಬೂದಿಯಂತಹ ಪದರ ಕಟ್ಟಿದ್ದರೆ ಎಂಜಿನ್ ಆಯಿಲ್ ಸುಡುತ್ತಿರಬಹುದು. ಆಯಿಲಿನಲ್ಲಿರುವ ರಂಜಕ ಮತ್ತು ಸತು ಸೀಸದಂತೆಯೇ ಲೇಪವನ್ನು ಮುಚ್ಚುತ್ತವೆ. ಆಗ ಪಿಸ್ಟನ್ ರಿಂಗ್, ವಾಲ್ವ್ ಸೀಲುಗಳನ್ನು ನೋಡಬೇಕು. ರೇಡಿಯೇಟರಿನ ಕೂಲೆಂಟ್ ಕಾರಣವಿಲ್ಲದೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಸಂಶಯಪಡಬೇಕು. ಗೂಡು ಒಡೆದು ಗಲಗಲ ಸದ್ದು ಮಾಡುತ್ತಿದ್ದರೆ, ರಸ್ತೆಯ ಕಲ್ಲಿನ ಪೆಟ್ಟೋ, ಕಾದಿರುವಾಗಲೇ ಹಳ್ಳದ ನೀರಿಗೆ ಇಳಿಸಿದ್ದೋ ಕಾರಣವಿರಬಹುದು.

ಗೂಡು ಚೆನ್ನಾಗಿಯೇ ಇದ್ದರೆ? ಆಗ ರೋಗನಿದಾನವೇ ತಪ್ಪಿರಬಹುದು. ಸ್ಕ್ಯಾನರಿನಲ್ಲಿ ಪಿ0420 ಎಂಬ ಸಂಕೇತ ಬಂದೊಡನೆ ಕನ್ವರ್ಟರ್ ಬದಲಿಸುವವರಿದ್ದಾರೆ. ಆ ಸಂಕೇತ ಹೇಳುವುದು ಕನ್ವರ್ಟರಿನ ಕಾರ್ಯಕ್ಷಮತೆ ಕಡಿಮೆ ಕಾಣುತ್ತಿದೆ ಎಂದಷ್ಟೇ. ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರ್ ಕೆಟ್ಟಿದ್ದರೂ, ಹೊಗೆ ಪೈಪಿನ ಸಂದಿನಿಂದ ಹೊರಗಿನ ಗಾಳಿ ನುಸುಳಿದರೂ ಅದೇ ಸಂಕೇತ ಬರಬಹುದು. ಜ್ವರ ಅಳೆಯುವ ಕಡ್ಡಿಯೇ ಕೆಟ್ಟಿದ್ದರೆ ರೋಗಿಗೆ ಔಷಧ ಕೊಟ್ಟು ಏನು ಪ್ರಯೋಜನ? ಆದ್ದರಿಂದ ಮೊದಲು ಸೋರಿಕೆ, ಆಮೇಲೆ ಸೆನ್ಸರ್, ಅನಂತರ ಎಂಜಿನ್, ಕಟ್ಟಕಡೆಗೆ ಕನ್ವರ್ಟರ್. ಪರೀಕ್ಷೆಯ ಕ್ರಮ ಇದು.

ಎಂಜಿನ್ ನಡುಗುತ್ತಿದ್ದರೆ ಗಾಡಿ ಓಡಿಸಬೇಡಿ. ಕೆಂಪಗೆ ಕಾದ ಕನ್ವರ್ಟರ್ ಕೆಳಗಿರುವ ಒಣಹುಲ್ಲಿಗೆ, ಜೋಳದ ಕಣಿಕೆಗೆ ಬೆಂಕಿ ಹಚ್ಚಬಲ್ಲದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯಬಲ್ಲದು.

ಬರಿಯ ಪೈಪು ಕೂಡಿಸುವ ಸಲಹೆಯ ಮಾತೇನು? ಅದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಕಾರಿನ ರೋಗ ಹಾಗೆಯೇ ಉಳಿದು, ಅದರ ವಿಷ ಊರಿನ ಬೀದಿಯಲ್ಲಿ ಆಡುವ ಮಕ್ಕಳ ಉಸಿರಿಗೆ ಸೇರುತ್ತದೆ.

ನಮ್ಮ ವನದುರ್ಗದ ಮಾಲೀಕರ ಕಾರಿನಲ್ಲಿ ಕೆಟ್ಟದ್ದು ಕೆಲವು ನೂರು ರೂಪಾಯಿಯ ಪ್ಲಗ್ಗೇ ಇರಬಹುದು. ಅದನ್ನು ಬದಲಿಸದೆ ಹಾಕಿದ ಮೂರನೆಯ ಕನ್ವರ್ಟರೂ ಉಳಿಯದು. ನಾಳೆ ನಿಮ್ಮಲ್ಲಿ ಕೆಲವರು ಮೆಕ್ಯಾನಿಕ್ಕುಗಳೋ, ಎಂಜಿನಿಯರುಗಳೋ ಆಗುವಿರಿ. ಒಂದು ಭಾಗ ಎರಡನೆಯ ಸಲ ಕೆಟ್ಟಾಗ, ಹೊಸದರ ಬೆಲೆ ಕೇಳುವ ಮೊದಲು ಹಳೆಯದು ಕೆಟ್ಟ ಕಾರಣ ಕೇಳಿ. ಬಡವರ ಹಣವೂ ಉಳಿಯುತ್ತದೆ, ಊರಿನ ಗಾಳಿಯೂ ಉಳಿಯುತ್ತದೆ.