ನೀರುಗಂಟಿಯ ನಕ್ಷೆ

ಈ ಉಪನ್ಯಾಸ ಮಾಲೆಯಲ್ಲಿ ಇದುವರೆಗೆ ಪಂಪನ ಬಗ್ಗೆ, ದಾಸರ ಬಗ್ಗೆ ಮಾತು ಕೇಳಿದ್ದೀರಿ. ಇವತ್ತು ಪೈಪು, ವಾಲ್ವು, ಖಾಲಿ ಜಾಗ. ಇಂಜಿನಿಯರನ್ನು ಕರೆದ ಮೇಲೆ ಅನುಭವಿಸಲೇಬೇಕು.

ನಾನು ಕೆಲಸ ಮಾಡಿದ ಒಂದು ವಿಶ್ವವಿದ್ಯಾನಿಲಯದಲ್ಲಿ, ಯಾವುದು ಅಂತ ಬೇಡ, ಹೊಸ ಕಟ್ಟಡಕ್ಕೆ ಪಾಯ ತೆಗೆಯುತ್ತಿದ್ದೆವು. ಗುದ್ದಲಿ ಪೂಜೆಯಾಗಿ ಮೂರನೇ ದಿನ. ಜೆಸಿಬಿಯ ಹಲ್ಲು ಏನಕ್ಕೋ ತಗುಲಿ ಠಣ್ ಅಂದಿತು, ನೀರು ಆಳೆತ್ತರಕ್ಕೆ ಚಿಮ್ಮಿತು. ಹಾಸ್ಟೆಲುಗಳಿಗೆ ಹೋಗುವ ಮುಖ್ಯ ಪೈಪು ಅದು. ನಮ್ಮ ನಕ್ಷೆಯಲ್ಲಿ ಅದು ರಸ್ತೆಯ ಆಚೆ ಬದಿಗಿತ್ತು! ವಾಲ್ವ್ ಎಲ್ಲಿದೆ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ನಿವೃತ್ತಿಯಾಗಿದ್ದ ನೀರುಗಂಟಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಅವರು ಸುತ್ತ ಕಣ್ಣು ಹಾಯಿಸಿ, "ಇಲ್ಲೊಂದು ಹಲಸಿನ ಮರ ಇತ್ತಲ್ಲ ಸ್ವಾಮಿ, ಏನು ಮಾಡಿದ್ರಿ?" ಅಂದರು. ಸ್ಕೂಟರ್ ಸ್ಟ್ಯಾಂಡಿಗೆ ಅಂತ ಅದನ್ನು ಕಡಿದು ವರ್ಷಗಳಾಗಿದ್ದವು. ಮರದ ಬುಡದಿಂದ ಎಂಟು ಹೆಜ್ಜೆಗೆ ವಾಲ್ವ್, ಇದು ಅವರ ಲೆಕ್ಕ. ಇಲ್ಲದ ಮರದಿಂದ ಹೆಜ್ಜೆ ಅಳೆದು ಹಾರೆಯಲ್ಲಿ ನೆಲ ಕುಟ್ಟುತ್ತಾ ಹೋದರು. ಮೂರನೇ ಕಡೆ ಸಿಕ್ಕಿತು.

ಕ್ಯಾಂಪಸ್ಸಿನ ದೀರ್ಘಕಾಲದ ಯೋಜನೆ ಅಂದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿಟ್ಟ ಥರ್ಮೋಕೋಲ್ ಮಾದರಿ ಕಣ್ಣಿಗೆ ಬರುತ್ತದೆ. ನನಗೆ ಮಾತ್ರ ಆ ಹಲಸಿನ ಮರ ನೆನಪಾಗುತ್ತದೆ.

ನಮ್ಮಲ್ಲಿ ಕುಲಪತಿಗಳ ಅವಧಿ ನಾಲ್ಕು ವರ್ಷ. ಅನುದಾನದ ಆಯುಷ್ಯ ಮಾರ್ಚ್ 31ರವರೆಗೆ. ನೆಲದೊಳಗಿನ ಪೈಪು ಐವತ್ತು ವರ್ಷ ಬಾಳಬೇಕು, ಸಾಲುಮರ ಅದಕ್ಕಿಂತ ಹೆಚ್ಚು. ಜನವರಿಯಲ್ಲಿ ಹಣ ಮಂಜೂರಾಗುತ್ತದೆ, "ಬೇಗ ಒಂದು ಖಾಲಿ ಜಾಗ ತೋರಿಸಿ" ಅಂತ ಫೋನು ಬರುತ್ತದೆ. ರಸ್ತೆಗೆ ಹತ್ತಿರ, ಮರವಿಲ್ಲದ್ದು, ತಂಟೆ ತಕರಾರಿಲ್ಲದ್ದು. ಅಂಥ ಜಾಗ ಸಾಮಾನ್ಯವಾಗಿ ಆಟದ ಮೈದಾನ, ಇಲ್ಲವೇ ತಗ್ಗು. ಆ ತಗ್ಗು ಇಷ್ಟು ವರ್ಷ ಯಾಕೆ ಖಾಲಿ ಇತ್ತು ಅಂತ ಯಾರೂ ಕೇಳುವುದಿಲ್ಲ. ಜೂನ್ ತಿಂಗಳ ಮೊದಲ ದೊಡ್ಡ ಮಳೆ ಉತ್ತರ ಹೇಳುತ್ತದೆ: ಅದು ನೀರಿನ ಜಾಗ. ಎಷ್ಟೋ ಕಟ್ಟಡಗಳ ನೆಲಮಾಳಿಗೆಯಲ್ಲಿ ಪಂಪ್ ಹಚ್ಚಿ ನೀರು ಹೊರಹಾಕಿದವನು ನಾನು.

ಹಾಗಾದರೆ ಮೊದಲೇ ಎಲ್ಲ ಕಟ್ಟಡಗಳ ಜಾಗ ಗುರುತು ಮಾಡಿಬಿಡೋಣವೇ? ಅದೂ ನಡೆಯುವುದಿಲ್ಲ. ಇಪ್ಪತ್ತು ವರ್ಷದ ನಂತರ ಯಾವ ವಿಭಾಗ ಹುಟ್ಟುತ್ತದೆ, ಯಾವುದು ಮುಚ್ಚುತ್ತದೆ ಅಂತ ಯಾರು ಕಂಡಿದ್ದಾರೆ? 1970ರ ದಶಕದ ಆರಂಭದಲ್ಲಿ ಅಮೆರಿಕದ ಆರೆಗಾನ್ ವಿಶ್ವವಿದ್ಯಾನಿಲಯಕ್ಕೆ ಯೋಜನೆ ಮಾಡಿಕೊಟ್ಟ ಕ್ರಿಸ್ಟೋಫರ್ ಅಲೆಕ್ಸಾಂಡರ್ ಅವರ ತಕರಾರು ಇದೇ ಆಗಿತ್ತು. ಅಂತಿಮ ನಕ್ಷೆಯೇ ಬೇಡ ಅಂದರು. ಅದರ ಬದಲು ಕೆಲವು ಒಪ್ಪಿತ ನಿಯಮಗಳಿರಲಿ, ಏನು ಬೇಕು ಅಂತ ಅಲ್ಲಿ ಓಡಾಡುವವರೇ ಹೇಳಲಿ, ಹಣ ಒಂದೇ ಭಾರೀ ಕಟ್ಟಡಕ್ಕೆ ಹೋಗದೆ ಸಣ್ಣಪುಟ್ಟ ಕೆಲಸಗಳಿಗೂ ಹಂಚಿಕೆಯಾಗಲಿ, ಯಾವ ಜಾಗ ಜೀವಂತವಾಗಿದೆ, ಯಾವುದು ಸತ್ತಿದೆ ಅಂತ ವರ್ಷವರ್ಷ ಪರೀಕ್ಷೆಯಾಗಲಿ ಅಂದರು. 1975ರಲ್ಲಿ ಅದು ಪುಸ್ತಕವಾಗಿಯೂ ಬಂತು. ನಮ್ಮ ಟೆಂಡರ್ ಪದ್ಧತಿಯಲ್ಲಿ ಸಣ್ಣ ಕೆಲಸಕ್ಕೆ ಯಾರಿಗೂ ಉತ್ಸಾಹವಿಲ್ಲ. ಬೆಂಚು ಹಾಕಿಸಿದರೆ ಶಂಕುಸ್ಥಾಪನೆಯ ಕಲ್ಲು ಎಲ್ಲಿ ನೆಡುವುದು?

ಮುಂದೇನು ಅಂತ ಗೊತ್ತಿಲ್ಲದೆ ಯೋಜನೆ ಮಾಡುವುದು ಹೇಗೆ ಅನ್ನುವುದಕ್ಕೆ ನನ್ನ ಮಟ್ಟಿಗೆ ಒಳ್ಳೆಯ ಉತ್ತರ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲೇ ಇದೆ. ಐಐಎಂಗೆ ಬಾಲಕೃಷ್ಣ ದೋಷಿ ಮಾಡಿದ ವಿನ್ಯಾಸ. 'ತ್ರೀ ಈಡಿಯಟ್ಸ್' ನೋಡಿದವರೆಲ್ಲ ಆ ಕಲ್ಲಿನ ಓಣಿಗಳನ್ನು ನೋಡಿಯೇ ಇದ್ದೀರಿ. ಸಂಸ್ಥೆ ಹುಟ್ಟಿದ್ದು 1973ರಲ್ಲಿ, ಜಾಗ ಸುಮಾರು ನೂರು ಎಕರೆ. ದೋಷಿ ಫತೇಪುರ್ ಸಿಕ್ರಿಯ ಅಂಗಳಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಡಕ್ಕಿಂತ ಮೊದಲು ಪಡಸಾಲೆಗಳನ್ನು ಯೋಚಿಸಿದರು. ಒರಟು ಬೂದು ಕಲ್ಲಿನ ಗೋಡೆ, ಮೂರಂತಸ್ತಿನ ಎತ್ತರ. ಒಂದು ಕಡೆ ಮೇಲೆ ಚಾವಣಿ, ಹತ್ತು ಹೆಜ್ಜೆ ಮುಂದೆ ಹೋದರೆ ಬರೀ ಕಾಂಕ್ರೀಟ್ ಚಪ್ಪರ, ಅದರ ಮೇಲೆ ಬಳ್ಳಿ. ನೆಲದ ಮೇಲೆ ಬಿಸಿಲಿನ ಪಟ್ಟೆ. ಬರೀ ದಾರಿಗೆ ಇಷ್ಟು ಅಗಲ ಬೇಕಿರಲಿಲ್ಲ. ಆ ಹೆಚ್ಚುವರಿ ಅಗಲದಲ್ಲೇ ಪಾಠ ಮುಗಿಸಿ ಹೊರಬಂದ ಮೇಷ್ಟ್ರನ್ನು ಹುಡುಗರು ನಿಲ್ಲಿಸಿಕೊಂಡು ಮಾತಾಡುವುದು. ಪಡಸಾಲೆ ಬೆನ್ನುಮೂಳೆ ಇದ್ದ ಹಾಗೆ. ಕೋಣೆ, ವಿಭಾಗ, ಅಂಗಳ ಬೇಕಾದಾಗ ಅದಕ್ಕೆ ಅಂಟಿಕೊಂಡು ಬೆಳೆಯಬಹುದು. ನಮ್ಮ ಲೆಕ್ಕ ಪರಿಶೋಧಕರು ಮಾತ್ರ ಆ ಅಗಲವನ್ನು "ನಿರುಪಯುಕ್ತ ವಿಸ್ತೀರ್ಣ" ಅಂತ ಬರೆದಿರುತ್ತಿದ್ದರೇನೋ.

ನೂರು ಎಕರೆ ಕಾಯುವುದು ಸುಲಭ ಅನ್ನಬಹುದು. ಸಾವಿರಕ್ಕೂ ಹೆಚ್ಚು ಎಕರೆಯ ಜ್ಞಾನಭಾರತಿ ನೋಡಿ. ಬೆಂಗಳೂರು ವಿಶ್ವವಿದ್ಯಾನಿಲಯ 1973ರಲ್ಲಿ ಅಲ್ಲಿಗೆ ಹೋದಾಗ ಅದು ಊರಾಚೆ. ಇವತ್ತು ಊರೇ ಅದರೊಳಗೆ ಹಾದುಹೋಗುತ್ತಿದೆ. ವಿದ್ಯಾರ್ಥಿಗಳು ಓಡಾಡುವ ರಸ್ತೆಯಲ್ಲೇ ನಗರದ ವಾಹನಗಳು. ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳೂ ಅಲ್ಲೇ ನೆಲೆ ಕಂಡುಕೊಂಡವು. ಒಂದೊಂದು ಹಂಚಿಕೆಯೂ ಬಿಡಿಯಾಗಿ ನೋಡಿದರೆ ಸರಿಯೇ. ಆದರೆ ಕಾಗದದ ಮೇಲೆ ಬಿಳಿ ಬಿಟ್ಟಿದ್ದನ್ನು ಕಂಡವರೆಲ್ಲ ಬರೆಯಲು ಬಿಟ್ಟಿದ್ದು ಅಂತಲೇ ತಿಳಿಯುತ್ತಾರೆ. ಖಾಲಿ ಜಾಗಕ್ಕೂ ಒಂದು ಹೆಸರು, ಒಂದು ಕೆಲಸ, ಕಡತದಲ್ಲಿ ಒಂದು ಸಾಲು ಇರಬೇಕು: ಇದು ಕಾಡು, ಇದು ನೀರಿಂಗುವ ಬಯಲು, ಇದನ್ನು ಮುಟ್ಟಬೇಕಾದರೆ ಸಿಂಡಿಕೇಟ್ ಇಷ್ಟು ಪ್ರಶ್ನೆಗಳಿಗೆ ಉತ್ತರ ಕೊಡಬೇಕು ಅಂತ.

ಇನ್ನು ನಿಮ್ಮೂರು ಮೈಸೂರಿನ ಮಾತು. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದು 1956ರಿಂದ 1960. ಆ ಅಲ್ಪಾವಧಿಯಲ್ಲಿ ಅವರು ಈ ನೆಲಕ್ಕೆ 'ಮಾನಸಗಂಗೋತ್ರಿ' ಅಂತ ಹೆಸರಿಟ್ಟರು. ಹೆಸರಿನಲ್ಲೇ ನೀರಿದೆ, ಪಕ್ಕದಲ್ಲಿ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜರ ಕಾಲದ ಆ ಕೆರೆಯನ್ನು ವಿಶ್ವವಿದ್ಯಾನಿಲಯ ಎಷ್ಟೇ ಜೋಪಾನ ಮಾಡಿದರೂ ಅದಕ್ಕೆ ನೀರು ಬರಬೇಕಾದದ್ದು ಕಾಂಪೌಂಡಿನ ಆಚೆಯಿಂದ. ಆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆ ಬಡಾವಣೆಗಳ ನಡುವೆ ಹೂತುಹೋಯಿತು. ಮಳೆನೀರಿನ ಜೊತೆ ಕೊಳಚೆಯೂ ಕೆರೆಗೆ ಇಳಿಯಿತು. ಕ್ಯಾಂಪಸ್ಸಿನ ಸರಹದ್ದೇ ಬೇರೆ, ನೀರಿನ ಸರಹದ್ದೇ ಬೇರೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದ ಯೋಜನೆ ನನ್ನ ಕೈಗಂತೂ ಬಂದಿಲ್ಲ.

ಆ ನೀರುಗಂಟಿಯ ಕತೆ ಅರ್ಧಕ್ಕೆ ಬಿಟ್ಟೆ. ಮರುವಾರ ನಾವಿಬ್ಬರು ಇಂಜಿನಿಯರುಗಳು ಟೇಪು, ಹಾಳೆ ಹಿಡಿದು ಮೂರು ದಿನ ಅವರ ಹಿಂದೆ ಅಲೆದೆವು. ಅವರು ಕಾಲಿನಿಂದ ನೆಲ ತಟ್ಟಿ ತೋರಿಸಿದಲ್ಲೆಲ್ಲ ಸುಣ್ಣದ ಗುರುತು ಹಾಕಿ ನಕ್ಷೆಗೆ ಇಳಿಸಿದೆವು. ಒಂದು ಕಡೆ ಎರಡು ಪೈಪು ಅಡ್ಡ ಹಾಯುವ ಜಾಗ ಬಂದಾಗ ಅವರಿಗೇ ಅನುಮಾನ ಬಂತು. ಸುಮಾರು ಹೊತ್ತು ನಿಂತರು. "ಇದು ನಂಗೂ ಗೊತ್ತಿಲ್ಲ, ನಮ್ಮ ಅಪ್ಪನ ಕಾಲದ್ದು" ಅಂದರು. ಅಲ್ಲಿ ನಾವು ಪೆನ್ಸಿಲ್ಲಿನಲ್ಲಿ ಬರೆದೆವು.